ಸಾಲಿನ ಕೊನೆಯಲ್ಲಿ ನಿಕಿತಾಸ್

ನಡಿಗೆಯ ಪ್ರವಾಸಿಗರನ್ನು ಕರೆದುಕೊಂಡು ಹೋಗುವಾಗ ನಿಕಿತಾಸ್ ಯಾವಾಗಲೂ ಸಾಲಿನ ಮುಂದೆ ಇರುತ್ತಿದ್ದ. ಬೆಟ್ಟದ ಮೇಲೆ ಹಳೇಕಣ ಎಂಬ ಜಾಗದ ತಿರುವು ಹತ್ತಿರ ಬಂದಾಗ ಮಾತ್ರ ಅವನ ಬೂಟಿನ ದಾರ ಸಡಿಲವಾಗುತ್ತಿತ್ತು. ಕಲ್ಲಿನ ಮೇಲೆ ಕಾಲಿಟ್ಟು, ಬಗ್ಗಿ, ದಾರ ಬಿಚ್ಚಿ ಮತ್ತೆ ಕಟ್ಟುತ್ತ, ಎಲ್ಲರೂ ತನ್ನನ್ನು ದಾಟಿ ಹೋಗುವವರೆಗೂ ತಲೆ ಎತ್ತುತ್ತಿರಲಿಲ್ಲ. ಆಮೇಲೆ ಕೊನೆಯವನಾಗಿ ಎದ್ದು ನಡೆಯುತ್ತಿದ್ದ. ಪ್ರವಾಸ ಏರ್ಪಡಿಸುವವರು ಇದನ್ನು ಬೇರೆ ಥರ ತಿಳಿದುಕೊಂಡಿದ್ದರು. ದಣಿದವರನ್ನು ಹಿಂದೆ ಬಿಟ್ಟು ಹೋಗುವವನಲ್ಲ ಎಂದು ಹೊಸಬರಿಗೆ ಅವನ ಪರಿಚಯ ಮಾಡಿಕೊಡುತ್ತಿದ್ದರು. ನಿಕಿತಾಸ್ ಆ ಹೊಗಳಿಕೆಯನ್ನು ತಿದ್ದಲು ಹೋಗಲಿಲ್ಲ.

ತಿರುವಿನ ಆಚೆ, ಮನೆಯ ಮುಂದಿನ ಕಲ್ಲುಜಗಲಿಯ ಮೇಲೆ, ಅವನ ಅಣ್ಣ ಪ್ರೊಕೊಪಿಸ್ ಕೂತಿರುತ್ತಿದ್ದ.

ಅವರ ಅಪ್ಪ ಅಮೋರ್ಗೊಸ್ ದ್ವೀಪದ ಬಂದರಿನಿಂದ ಬೆಟ್ಟದ ಊರುಗಳಿಗೆ ಹೇಸರಗತ್ತೆಗಳ ಮೇಲೆ ಸಾಮಾನು ಸಾಗಿಸುತ್ತಿದ್ದವನು. ಹುಡುಗರಿಬ್ಬರೂ ಆ ಕಲ್ಲುಹಾಸಿನ ದಾರಿಯಲ್ಲೇ ನಡೆಯಲು ಕಲಿತರು. ಆಮೇಲೆ ಡಾಂಬರು ರಸ್ತೆ ಬಂತು, ಕತ್ತೆಗಳು ಹೋದವು. ನಿಕಿತಾಸ್ ಸರಕು ಹಡಗು ಸೇರಿ, ಅದರ ಕಬ್ಬಿಣಕ್ಕೆ ಬಣ್ಣ ಬಳಿಯುತ್ತ ಹತ್ತಾರು ಬಂದರು ನೋಡಿ, ಅಷ್ಟಿಷ್ಟು ಇಂಗ್ಲಿಷು ಕಲಿತು ಮರಳಿದ. ಪ್ರೊಕೊಪಿಸ್ ಎಲ್ಲಿಗೂ ಹೋಗಲಿಲ್ಲ. ಹಳೇಕಣದಲ್ಲಿ ಅವನ ಆಡುಗಳಿದ್ದವು, ಮಳೆನೀರಿನ ತೊಟ್ಟಿ ಇತ್ತು, ಹೆಂಡತಿ ಥೆಕ್ಲಾ ಇದ್ದಳು. ಅವನಿಗೆ ಅಷ್ಟು ಸಾಕಾಗಿತ್ತು.

ಕೈಯಲ್ಲಿ ಕೋಲು ಹಿಡಿದು ಬಿಸಿಲಿನಲ್ಲಿ ನಡೆಯುವ ಖುಷಿಗೆಂದೇ ವಿದೇಶದವರು ಗುಂಪುಗುಂಪಾಗಿ ಬರಲು ಶುರುವಾದಾಗ, ಹಳೇ ದಾರಿಯ ಮುಳ್ಳು ಕಡಿದು ತೆರೆದವರು ಅಣ್ಣತಮ್ಮ ಇಬ್ಬರೂ ಸೇರಿಯೇ. ಮೊದಲ ಗುಂಪು ಬೆವರು ಸುರಿಸುತ್ತ ಏರಿ ಬಂದದ್ದನ್ನು ನೋಡಿ ಪ್ರೊಕೊಪಿಸ್ ಕೆಮ್ಮು ಬರುವಷ್ಟು ನಕ್ಕಿದ್ದ.

"ದುಡ್ಡು ಕೊಟ್ಟು ನಡೀತಾರೇನೋ ಇವರು? ಅಪ್ಪ ಇದ್ದಿದ್ರೆ ಕತ್ತೆಗಳನ್ನ ಮಾರಿ ಇವರ ಬೆನ್ನಿಗೇ ಹಿಟ್ಟಿನ ಮೂಟೆ ಹೇರ್ತಿದ್ದ!"

"ಮೆಲ್ಲಗೆ ಹೇಳು, ಅವರಿಗೆ ಅರ್ಥ ಆದೀತು," ಎಂದಿದ್ದ ನಿಕಿತಾಸ್.

"ಆಗ್ಲಿ ಬಿಡೋ. ಹೇರಿಸ್ಕೊಳ್ಳೋಕೂ ಒಪ್ಕೊಂಡಾರು."

ಬೆಟ್ಟದ ಜನಕ್ಕೆ ಒಂದು ಕ್ರಮವಿದೆ. ದಾರಿಯಲ್ಲಿ ಬರುವವನು ಮೊದಲು 'ಕಲಿಮೇರಾ' ಎಂದು ನಮಸ್ಕಾರ ಹೇಳಬೇಕು. ಕೂತಿರಲಿ, ನಿಂತಿರಲಿ, ಇದ್ದಲ್ಲೇ ಇರುವವನು ಅದಕ್ಕೆ 'ಬಾ, ಬಂದದ್ದು ಒಳ್ಳೇದಾಯ್ತು' ಎಂದು ಉತ್ತರ ಕೊಡಬೇಕು. ಮನೆ ಹತ್ತಿರವಿದ್ದರೆ ತಿನ್ನಲು ಕುಡಿಯಲು ಏನಾದರೂ ತರಬೇಕು. ಇದ್ದಲ್ಲಿರುವವನೇ ಮೊದಲು ಬಾಯಿ ತೆರೆದರೆ, ಬರುವವನಿಗೆ ಮರ್ಯಾದೆ ಗೊತ್ತಿಲ್ಲ ಎಂದು ಹಂಗಿಸಿದ ಹಾಗೆ. ಮಕ್ಕಳು ಕತ್ತೆಯ ಹಗ್ಗ ಹಿಡಿಯುವ ಮುಂಚೆ ಇದನ್ನು ಕಲಿಯುತ್ತಿದ್ದರು. ನಿಕಿತಾಸ್ ತನ್ನ ಗುಂಪುಗಳಿಗೂ ಮೊದಲ ದಿನವೇ ಇದನ್ನು ಕಲಿಸುತ್ತಿದ್ದ. ದಾರಿಯಲ್ಲಿ ಯಾರೇ ಸಿಗಲಿ, ಗಟ್ಟಿಯಾಗಿ ಕಲಿಮೇರಾ ಅನ್ನಿ, ಎಂದು. ಅವರು ಮಕ್ಕಳ ಹಾಗೆ ಖುಷಿಯಿಂದ ಕಲಿಯುತ್ತಿದ್ದರು.

ಜಗಳ ಆದದ್ದು ಇದರಿಂದಲೇ.

ಒಂದು ವರ್ಷ, ಚಳಿ ಕಳೆಯುವ ಹೊತ್ತಿಗೆ ಥೆಕ್ಲಾ ತೀರಿಕೊಂಡಳು. ನಲವತ್ತು ದಿನದ ಪೂಜೆ ಇನ್ನೂ ಆಗಿರಲಿಲ್ಲ, ಅಷ್ಟರಲ್ಲಿ ವಸಂತದ ಮೊದಲ ಗುಂಪು ಬಂದಿಳಿಯಿತು. ಕೆಳಗಿನ ಕಣಿವೆಯಲ್ಲಿ ಇನ್ನೊಂದು ದಾರಿ ಇತ್ತು. ಆದರೆ ಗುಂಪಿನವರಿಗೆ ಬೆಟ್ಟದ ನೆತ್ತಿಯಿಂದ ಎರಡೂ ಕಡೆಯ ಸಮುದ್ರ ನೋಡಬೇಕಿತ್ತು. ನಿಕಿತಾಸ್ ಯೋಚಿಸಿದ. ಸಾವಿನ ಮನೆಯ ಮುಂದೆ ಮಾತಾಡಿಸದೆ ಹೋಗುವುದು ಇನ್ನೂ ದೊಡ್ಡ ತಪ್ಪು ಎನ್ನಿಸಿತು. ಹಾಗಾಗಿ ಅವರಿಗೆ ಸುಮ್ಮನಿರಿ ಎಂದು ಹೇಳಲಿಲ್ಲ. ಅವರೋ, ಕಲಿತ ಪಾಠ ಒಪ್ಪಿಸುವವರ ಹಾಗೆ, ತಿರುವು ದಾಟಿದ ಕೂಡಲೇ ಹತ್ತು ಹನ್ನೆರಡು ಜನ ಒಟ್ಟಿಗೆ ನಗುನಗುತ್ತ ಕೈ ಬೀಸಿ 'ಕಲಿಮೇರಾ!' ಎಂದು ಕೂಗಿದರು. ಒಬ್ಬ ಫೋಟೋ ಕೂಡ ತೆಗೆದ.

ಪ್ರೊಕೊಪಿಸ್ ಕಪ್ಪು ಅಂಗಿಯಲ್ಲಿ, ಗಡ್ಡ ಬೋಳಿಸದೆ ಕೂತಿದ್ದ. ಅವರಿಗೆ ಏನೂ ಹೇಳಲಿಲ್ಲ. ತಮ್ಮನ ಕಡೆ ನೋಡಿ, "ಮದುವೆ ಮನೆಗೆ ಹೊರಟಿದ್ರೆ ಇದಲ್ಲ ದಾರಿ, ನಿಕಿತಾ," ಎಂದ.

ಆಗ ನಿಕಿತಾಸ್ ತಪ್ಪಾಯ್ತು ಎಂದಿದ್ದರೆ ಮುಗಿಯುತ್ತಿತ್ತು. ಅದು ಬಾಯಿಗೂ ಬಂದಿತ್ತು. ಆದರೆ ಗುಂಪಿನವರೆಲ್ಲ ಅವನ ಮುಖವನ್ನೇ ನೋಡುತ್ತಿದ್ದರು. ಅವಮಾನದಿಂದ ಕಿವಿ ಬಿಸಿಯಾಯಿತು.

"ದಾರಿ ಎಲ್ಲರದ್ದೂ," ಎಂದುಬಿಟ್ಟ. "ಸದ್ದು ಆಗಲ್ಲ ಅಂದ್ರೆ ಒಳಗೆ ಹೋಗಿ ಕೂತ್ಕೋ."

ಪ್ರೊಕೊಪಿಸ್ ಎದ್ದು ಒಳಗೆ ಹೋದ. ಬಾಗಿಲನ್ನು ಜೋರಾಗಿ ಹಾಕಲಿಲ್ಲ. ಮೆಲ್ಲಗೆ, ಚಿಲಕ ಸಿಕ್ಕುವವರೆಗೆ ಹಿಡಿದು ಹಾಕಿಕೊಂಡ. ಆ ಸಣ್ಣ ಸದ್ದು ನಿಕಿತಾಸ್‌ನ ಕಿವಿಯಲ್ಲಿ ಬಹಳ ಕಾಲ ಉಳಿಯಿತು.

ನಲವತ್ತು ದಿನ ಕಳೆದ ಮೇಲೆ ಅಣ್ಣ ಮತ್ತೆ ಜಗಲಿಗೆ ಬಂದು ಕೂತ. ನಿಕಿತಾಸ್ ಮುಂದಿನ ಗುಂಪಿನೊಂದಿಗೆ ತಿರುವು ದಾಟಿದಾಗ ನಾಚಿಕೆಯಿಂದ ನಾಲಿಗೆ ಏಳಲಿಲ್ಲ. ಅದರ ಮುಂದಿನ ಸಲ, ಹಿಂದಿನ ಸಲ ಹೇಳಿಲ್ಲವಲ್ಲ, ಈಗ ಹೇಗೆ ಹೇಳುವುದು ಎನ್ನಿಸಿತು. ನಾಚಿಕೆ ಬಿಸಿಲಿಗೆ ಬಿಟ್ಟ ಸುಣ್ಣದ ಹಾಗೆ ನಿಧಾನವಾಗಿ ಗಟ್ಟಿಯಾಯಿತು. ಬೂಟಿನ ದಾರ ಸಡಿಲವಾಗಲು ಶುರುವಾದದ್ದು ಆಗಲೇ.

ಪ್ರೊಕೊಪಿಸ್ ಮಾತ್ರ ಬಂದವರ ಮೇಲೆ ಸಿಟ್ಟು ಇಟ್ಟುಕೊಳ್ಳಲಿಲ್ಲ. ಪರದೇಶದವರು, ಅವರದ್ದೇನು ತಪ್ಪು? ಗುಂಪು ಬರುವ ದಿನ ಜಗಲಿ ಪಕ್ಕದ ಮೋಟುಗೋಡೆಯ ಮೇಲೆ ಬಟ್ಟೆ ಹಾಸಿ ಆಡಿನ ಚೀಸು, ಬಾರ್ಲಿಯ ಒಣರೊಟ್ಟಿ, ಜೇನು ಹಾಕಿ ಕಾಯಿಸಿದ ರಾಕಿ ಎಂಬ ಸಾರಾಯಿ ಇಟ್ಟಿರುತ್ತಿದ್ದ. ಅವರು ಕಲಿಮೇರಾ ಎಂದರೆ ಒಬ್ಬೊಬ್ಬರಿಗೂ 'ಬನ್ನಿ, ಬಂದದ್ದು ಒಳ್ಳೇದಾಯ್ತು' ಎನ್ನುತ್ತಿದ್ದ. ಎಲ್ಲ ಲೋಟಗಳೂ ಒಟ್ಟಿಗೆ ಇರುತ್ತಿದ್ದವು. ಒಂದು ಮಾತ್ರ ಗೋಡೆಯ ತುದಿಯಲ್ಲಿ, ತುಂಬಿಸಿ, ಬೇರೆಯಾಗಿ. ನಿಕಿತಾಸ್ ಅದರ ಕಡೆ ನೋಡದೆ ತೊಟ್ಟಿಯ ಹತ್ತಿರ ಹೋಗಿ ನೀರು ಸೇದಿಕೊಂಡು ಕುಡಿಯುತ್ತಿದ್ದ.

ವರ್ಷ ಬಿಟ್ಟು ವರ್ಷ ಬರುವ ಬಿರ್ಗಿಟ್ ಎಂಬ ಜರ್ಮನ್ ಹೆಂಗಸು ಒಮ್ಮೆ ಕೇಳಿದ್ದಳು. "ಈ ಲೋಟ ಯಾರಿಗೆ?"

"ತಡವಾಗಿ ಬರೋರಿಗೆ," ಎಂದಿದ್ದ ನಿಕಿತಾಸ್.

ಮನೆಯಲ್ಲಿ ಹೆಂಡತಿ ಎವ್ದೊಕಿಯಾ ಇಷ್ಟು ಮೆತ್ತಗೆ ಕೇಳುವವಳಲ್ಲ.

"ಇವತ್ತೂ ಹೇಳ್ಲಿಲ್ವಾ?"

"ಹತ್ತು ಜನ ಹೇಳಿದ್ರಲ್ಲ. ಅವರನ್ನ ಕರ್ಕೊಂಡು ಹೋದವನು ನಾನು. ಅದು ನಾನು ಹೇಳಿದ ಹಾಗೇ ಅಲ್ವಾ?"

"ಹೌದ್ಹೌದು. ನಾಲಿಗೆಗೂ ಬಾಡಿಗೆ ಆಳು ಇಟ್ಕೊಂಡಿರೋ ದೊಡ್ಡ ಮನುಷ್ಯ ನೀನು. ನಾಳೆ ಪಾದ್ರಿಗಳ ಹತ್ರ ಪಾಪ ಒಪ್ಕೊಳ್ಳೋಕೂ ಒಬ್ಬ ಡ್ಯಾನಿಷ್ ಮುದುಕನ್ನ ಕಳ್ಸು."

"ಅವನೇ ಒಂದು ಮಾತು ಆಡ್ಬಹುದಲ್ಲ?"

"ಅವನು ಕೂತಿರೋನು ಕಣೋ! ನೀನು ಬರೋನು!"

ನಿಕಿತಾಸ್ ಆಲಿವ್ ಬೀಜವನ್ನು ತಟ್ಟೆಯ ಅಂಚಿಗೆ ತಳ್ಳುತ್ತ ಕೂತಿರುತ್ತಿದ್ದ. ಮುಂದಿನ ಸಲ ಹೇಳೋಣ, ಹಳೇಕಣ ಎಲ್ಲಿಗೂ ಓಡಿಹೋಗುವುದಿಲ್ಲ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಹೀಗೆ ಎಷ್ಟೋ ವಸಂತ, ಎಷ್ಟೋ ಶರತ್ಕಾಲ ಹೋದವು. ಅಣ್ಣನ ಮೀಸೆ ಬೆಳ್ಳಗಾದದ್ದನ್ನು, ಕೈಯಲ್ಲಿ ಚೀಸಿನ ತಟ್ಟೆ ನಡುಗುವುದನ್ನು ನಿಕಿತಾಸ್ ಸಾಲಿನ ಕೊನೆಯಿಂದ, ಬೇರೆಯವರ ಬೆನ್ನುಚೀಲಗಳ ಸಂದಿಯಲ್ಲಿ ನೋಡಿದ.

ಆ ವರ್ಷ ಈಸ್ಟರ್ ಕಳೆದ ಮೇಲಿನ ಒಂದು ಬೆಳಿಗ್ಗೆ ಎವ್ದೊಕಿಯಾ ಕಾಫಿ ಕಾಯಿಸುತ್ತ, ಬೆನ್ನು ತಿರುಗಿಸಿಯೇ ಹೇಳಿದಳು. "ಅಸಿಮೀನಾ ಬಂದಿದಾಳೆ."

ಅಸಿಮೀನಾ ಪ್ರೊಕೊಪಿಸ್‌ನ ಒಬ್ಬಳೇ ಮಗಳು. ಸಮುದ್ರದಾಚೆಯ ಪಿರೇಯಸ್ ಪಟ್ಟಣದಲ್ಲಿದ್ದಳು.

"ಹಬ್ಬಕ್ಕಾ?"

"ಹಬ್ಬ ಮುಗೀಲಿಲ್ವಾ? ಅಪ್ಪನ್ನ ಕರ್ಕೊಂಡು ಹೋಗೋಕೆ. ಹೃದಯ ಸರಿಯಿಲ್ವಂತೆ. ಅವಳು ಬಂದರಿನಲ್ಲೇ ಟಿಕೆಟ್ ತಗೊಂಡು ಕಾಯ್ತಾಳೆ, ನಮ್ಮೂರ ಹುಡುಗ ಯಾಕೊವೊಸ್ ತನ್ನ ಪಿಕಪ್‌ನಲ್ಲಿ ಕರ್ಕೊಂಡು ಇಳೀತಾನೆ. ಮಧ್ಯಾಹ್ನದ ಹಡಗು." ಅವಳು ತಿರುಗಿ ನೋಡಿದಳು. "ನಿನ್ನ ಗುಂಪು ಇವತ್ತು ಹಳೇಕಣಕ್ಕೆ ತಾನೇ?"

"ಹೌದು."

"ಮತ್ತೆ ಬರ್ತಾನೋ ಇಲ್ವೋ ಯಾರಿಗೆ ಗೊತ್ತು? ಇವತ್ತಾದ್ರೂ ಬಾಯಿ ಬಿಡು, ನಿಕಿತಾ. ದಾರ ಕಟ್ತಾ ಕೂರ್ಬೇಡ."

ಅವಳಿಗೆ ಬೂಟಿನ ದಾರದ ವಿಷಯ ಗೊತ್ತಿದೆ ಎಂದು ಅವನಿಗೆ ಅವತ್ತೇ ತಿಳಿದದ್ದು.

ಅವತ್ತು ಅವನು ಗುಂಪಿನ ಮುಂದೆ ಬೇಗಬೇಗ ನಡೆದ. ಥೈಮ್ ಗಿಡಗಳಲ್ಲಿ ಜೇನುಹುಳ ಗುಂಯ್‌ಗುಡುತ್ತಿದ್ದವು, ಬಿಸಿಲು ಹಿತವಾಗಿತ್ತು, ಹಿಂದಿನವರು ನಿಂತು ನಿಂತು ಹೂವು ನೋಡುತ್ತಿದ್ದರು. ಅವನು ತುಟಿಯೊಳಗೇ ಮಾತು ಜೋಡಿಸುತ್ತಿದ್ದ. 'ಕಲಿಮೇರಾ, ಪ್ರೊಕೊಪಿ.' ಇಷ್ಟು ಸಾಕು. ಉಳಿದದ್ದನ್ನು ಅಣ್ಣ ತಾನೇ ಅರ್ಥ ಮಾಡಿಕೊಳ್ಳುತ್ತಾನೆ. ಆಮೇಲೆ ತುದಿಯ ಲೋಟ ಎತ್ತಿ ಕುಡಿದುಬಿಡುವುದು.

ಅರ್ಧ ದಾರಿಯಲ್ಲಿ ಒಬ್ಬನ ಬೂಟಿನ ತಳ ಕಿತ್ತುಬಂತು. ನಿಕಿತಾಸ್ ದಾರ ಸುತ್ತಿ, ಗಂಟು ಹಾಕಿ, ಮತ್ತೆ ಬಿಚ್ಚಿಹೋದಾಗ ಮತ್ತೆ ಕಟ್ಟಿದ. ಇನ್ನೂ ಹೊತ್ತಿದೆ ಎಂದುಕೊಂಡ. ಮಧ್ಯಾಹ್ನದ ಮೇಲೆ ಗಾಳಿ ಏಳುತ್ತದೆಂದು ಹಡಗನ್ನು ಮುಂಚೆ ಬಿಡುತ್ತಾರೆ ಎಂಬ ಸುದ್ದಿ ಬೆಟ್ಟದ ಮೇಲಿದ್ದ ಅವನಿಗೆ ತಿಳಿಯಲಿಲ್ಲ.

ಹಳೇಕಣಕ್ಕೆ ಸ್ವಲ್ಪ ಕೆಳಗೆ ನಡೆಯುವ ದಾರಿ ಮಣ್ಣುರಸ್ತೆಯೊಂದನ್ನು ಅಡ್ಡ ದಾಟುತ್ತದೆ. ಗುಂಪು ಅಲ್ಲಿಗೆ ಬರುವ ಹೊತ್ತಿಗೆ ಮೇಲಿನಿಂದ ಯಾಕೊವೊಸ್‌ನ ಪಿಕಪ್ ಧೂಳೆಬ್ಬಿಸಿಕೊಂಡು ಇಳಿದು ಬಂತು. ನಿಕಿತಾಸ್ ಕೈ ಚಾಚಿ ಎಲ್ಲರನ್ನೂ ಪಕ್ಕಕ್ಕೆ ಸರಿಸಿ, ತಾನೂ ಒಂದು ಬಂಡೆಯ ಪಕ್ಕ ನಿಂತ.

ಗಾಡಿ ನಿಧಾನವಾಯಿತು. ಇವನ ಕಡೆಯ ಕಿಟಕಿಯಲ್ಲಿ ಪ್ರೊಕೊಪಿಸ್ ಇದ್ದ. ಚರ್ಚಿಗೆ ಹೋಗುವಾಗ ಹಾಕುವ ಕೋಟು, ಮಡಿಲಲ್ಲಿ ಟೋಪಿ. ಮುಖ ಬಿಳಿಚಿತ್ತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು, ಎಷ್ಟೋ ವರ್ಷಗಳ ಮೇಲೆ, ಮಧ್ಯೆ ಯಾರ ಬೆನ್ನೂ ಇಲ್ಲದೆ.

ಬೆಳಗಿನಿಂದ ತುಟಿಯೊಳಗೆ ಜೋಡಿಸಿದ ಮಾತು ಅಲ್ಲೇ ಇತ್ತು. ಆದರೆ ನಿಕಿತಾಸ್ ನಿಂತಿದ್ದ, ಪ್ರೊಕೊಪಿಸ್ ಹೋಗುತ್ತಿದ್ದ. ಹೋಗುವವನು ಹೇಳಬೇಕು, ನಿಂತವನು ಉತ್ತರ ಕೊಡಬೇಕು. ಈಗ ತಾನು ಮೊದಲು ಬಾಯಿ ತೆರೆದರೆ, ರೋಗಿಷ್ಠ ಅಣ್ಣನಿಗೆ ಎಲ್ಲರ ಮುಂದೆ ನಿನಗೆ ಮರ್ಯಾದೆ ಗೊತ್ತಿಲ್ಲ ಎಂದ ಹಾಗಾಗುತ್ತದೆ. ಒಮ್ಮೆ ಪರದೇಶದವರ ಮುಂದೆ ಅವನನ್ನು ಅವಮಾನ ಮಾಡಿದ್ದು ಸಾಲದೆ? ಇದೆಲ್ಲ ಅವನು ಯೋಚಿಸಿದ್ದಲ್ಲ. ಚಿಕ್ಕಂದಿನಿಂದ ಮೈಯಲ್ಲಿ ಕೂತದ್ದು ತಾನೇ ಅವನ ಬಾಯನ್ನು ಹಿಡಿಯಿತು. ಅವನು ಗಾಜು ಇಳಿಯುವುದನ್ನು ಕಾದ. ಇಳಿದರೆ ಸಾಕು, ಅಣ್ಣ ಅರ್ಧ ಮಾತು ಆಡಿದರೂ ಸಾಕು, ಗಾಡಿಯ ಬಾಗಿಲನ್ನೇ ಹಿಡಿದುಕೊಂಡು ಉತ್ತರ ಹೇಳಬೇಕೆಂದಿದ್ದ.

ಹಿಂದಿನಿಂದ ಗುಂಪಿನವರು ಒಟ್ಟಿಗೆ 'ಕಲಿಮೇರಾ!' ಎಂದು ಕೂಗಿದರು. ಗಾಜಿನ ಹಿಂದೆ ಪ್ರೊಕೊಪಿಸ್ ಕೈ ಎತ್ತಿದ, ತುಟಿ ಆಡಿಸಿದ. ಗಾಜು ಇಳಿಯಲಿಲ್ಲ. ಗಾಡಿ ಮುಂದೆ ಹೋಯಿತು. ಧೂಳು ನಿಕಿತಾಸ್‌ನ ಹಲ್ಲಿಗೆ ಕರಕರ ಸಿಕ್ಕಿತು.

'ಅವರಿಗೆ ಉತ್ತರ ಕೊಟ್ಟ. ನನಗಲ್ಲ,' ಎಂದುಕೊಂಡ.

ಮೇಲೆ ಹಳೇಕಣದಲ್ಲಿ ಜಗಲಿ ಖಾಲಿಯಿತ್ತು, ಬಾಗಿಲಿಗೆ ಬೀಗವಿತ್ತು. ಆದರೆ ಗೋಡೆಯ ಮೇಲೆ ಬಟ್ಟೆ ಹಾಸಿ ಚೀಸು, ರೊಟ್ಟಿ, ಲೋಟಗಳು ಎಲ್ಲವೂ ಎಂದಿನಂತೆ ಇದ್ದವು. ನೊಣ ಕೂರದಿರಲೆಂದು ಮೇಲೆ ಇನ್ನೊಂದು ಬಟ್ಟೆ ಮುಚ್ಚಿ, ಗಾಳಿಗೆ ಹಾರದಂತೆ ನಾಲ್ಕು ಮೂಲೆಗೂ ಅಣ್ಣ ಕಲ್ಲು ಇಟ್ಟಿದ್ದ. ತುದಿಯ ಲೋಟಕ್ಕೆ ಮಾತ್ರ ಒಂದು ತಟ್ಟೆ ಬೋರಲು ಹಾಕಿದ್ದ. ಗುಂಪಿನವರು ತಿಂದರು, ಕುಡಿದರು, ಮನೆಯವರಿಗೆ ಥ್ಯಾಂಕ್ಸ್ ಹೇಳಬೇಕಿತ್ತಲ್ಲ ಎಂದರು. ನಿಕಿತಾಸ್ ತೊಟ್ಟಿಯ ನೀರು ಕುಡಿದ. ಹೊರಡುವಾಗ ಬಟ್ಟೆ ಮಡಿಸಿ, ಲೋಟ ತೊಳೆದು ಕವುಚಿಟ್ಟ. ತುದಿಯದನ್ನು ಮುಟ್ಟಲಿಲ್ಲ. ಅಣ್ಣ ವಾಪಸು ಬಂದು ಮೊದಲು ಬಾಯಿ ಬಿಡಲಿ, ಆಮೇಲೆ ನೋಡೋಣ ಎಂಬ ಹಟ ಆಗಲೂ ಉಳಿದಿತ್ತು.

ಪ್ರೊಕೊಪಿಸ್ ವಾಪಸು ಬಂದದ್ದು ಬೇಸಿಗೆಯ ನಡುವೆ, ಪೆಟ್ಟಿಗೆಯಲ್ಲಿ. ಚರ್ಚಿನಲ್ಲಿ ಎಲ್ಲರೂ ಸಾಲಾಗಿ ಪೆಟ್ಟಿಗೆಯ ಪಕ್ಕ ಹಾದು ಹೋಗುತ್ತ, ಬಗ್ಗಿ ಹಣೆಗೆ ಮುತ್ತಿಟ್ಟರು. ನಿಕಿತಾಸ್ ಅಲ್ಲೂ ಸಾಲಿನ ಕೊನೆಯಲ್ಲಿದ್ದ. ತನ್ನ ಸರದಿ ಬಂದಾಗ ಬಗ್ಗಿ, ಯಾರಿಗೂ ಕೇಳದಂತೆ, "ಕಲಿಮೇರಾ, ಪ್ರೊಕೊಪಿ," ಎಂದ. ಬರುವವನು ತಾನು, ಇದ್ದಲ್ಲೇ ಇರುವವನು ಅಣ್ಣ. ಈ ಸಲ ಕ್ರಮ ಸರಿಯಾಗಿಯೇ ಇತ್ತು. ಅಷ್ಟಾದರೂ ಆಯಿತಲ್ಲ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡ.

ಆ ಸಮಾಧಾನ ನಲವತ್ತನೇ ದಿನದವರೆಗೆ ಉಳಿಯಿತು.

ಅವತ್ತು ಪೂಜೆ ಮುಗಿದು, ಬೇಯಿಸಿದ ಗೋಧಿ ಹಂಚಿದ ಮೇಲೆ, ಊರಿನ ಕಾಫಿ ಅಂಗಡಿಯಲ್ಲಿ ಯಾಕೊವೊಸ್ ಅವನ ಪಕ್ಕ ಕುರ್ಚಿ ಎಳೆದುಕೊಂಡು ಕೂತ. ಅಲ್ಲಿದ್ದವರಲ್ಲಿ ಎಲ್ಲರಿಗಿಂತ ಚಿಕ್ಕವನು, ಬಾಯಿ ಸುಮ್ಮನಿರದವನು.

"ಬಾರ್ಬಾ ನಿಕಿತಾ, ಒಂದ್ ಮಾತು ಕೇಳ್ಲಾ? ಬೇಜಾರ್ ಮಾಡ್ಕೋಬೇಡಿ."

ಬಾರ್ಬಾ ಎಂದು ಅಲ್ಲಿ ಹಿರಿಯರನ್ನೆಲ್ಲ ಕರೆಯುತ್ತಾರೆ.

"ಕೇಳಪ್ಪ."

"ಆವತ್ತು ರಸ್ತೇಲಿ ನೀವ್ಯಾಕೆ ಉತ್ತರ ಕೊಡ್ಲಿಲ್ಲ?"

"ಯಾವುದಕ್ಕೆ?"

"ಅದೇ, ಬಾರ್ಬಾ ಪ್ರೊಕೊಪಿಸ್ ಕಲಿಮೇರಾ ಅಂದಾಗ."

"ಅದು ಗುಂಪಿಗೆ ಅಂದದ್ದು."

"ಗುಂಪಿಗೆಲ್ಲಿ? 'ನಿಕಿತಾಸ್ ಇದಾನೆ, ನಿಧಾನ ಮಾಡೋ' ಅಂತ ನನ್ನ ತೊಡೆಗೆ ಹೊಡೆದ್ರು. ಗಾಜಿನ ಹಿಡಿ ತಿರುಗಿಸ್ತಾ ಇದ್ರು, ತಿರುಗಿಸ್ತಾ ಇದ್ರು. ಅದು ಮುರ್ದುಹೋಗಿ ಎಷ್ಟ್ ದಿನ ಆಗಿತ್ತು, ನಾನು ರಿಪೇರಿ ಮಾಡಿಸಿರ್ಲಿಲ್ಲ. ಕೊನೆಗೆ ಗಾಜಿಗೇ ಬಾಯಿಟ್ಟು 'ಕಲಿಮೇರಾ, ನಿಕಿತಾ' ಅಂದ್ರು. ಎರಡು ಸಲ ಅಂದ್ರು. ನಿಮ್ಮವರ ಕೂಗಾಟದಲ್ಲಿ ನಿಮಗೆ ಕೇಳ್ಲಿಲ್ವೇನೋ ಅಂದ್ಕೊಂಡೆ."

ನಿಕಿತಾಸ್ ಕಾಫಿಯ ಲೋಟವನ್ನು ಮೆಲ್ಲಗೆ ಕೆಳಗಿಟ್ಟ.

"ಆಮೇಲೆ ಏನಾದ್ರೂ ಅಂದ್ನಾ?"

ಯಾಕೊವೊಸ್‌ಗೆ ತಾನು ಹೆಚ್ಚು ಮಾತಾಡಿದೆ ಎನ್ನಿಸಿರಬೇಕು. ಟೇಬಲ್ಲಿನ ಮೇಲೆ ಚೆಲ್ಲಿದ್ದ ಸಕ್ಕರೆಯನ್ನು ಬೆರಳಿನಿಂದ ಒಟ್ಟುಮಾಡಿದ. "ಬಂದರಿನವರೆಗೂ ಏನೂ ಅನ್ಲಿಲ್ಲ. ಇಳಿಯೋವಾಗ, 'ಅವನು ನಿಂತಿದ್ದ, ನಾನು ಹೇಳಿದೆ. ನನ್ನ ಕಡೆಯಿಂದ ಆಯ್ತು' ಅಂದ್ರು. ಅಷ್ಟೇ."

ಮನೆಗೆ ಬಂದು ಹೇಳಿದಾಗ ಎವ್ದೊಕಿಯಾ ಈ ಸಲ ಹಂಗಿಸಲಿಲ್ಲ. ನಿಕಿತಾಸ್‌ಗೆ ಒಂದು ಮಾತು ಸ್ಪಷ್ಟವಾಯಿತು. ಚರ್ಚಿನಲ್ಲಿ ತಾನು ಹೇಳಿದ್ದು ತನ್ನ ಪಾಲಿನದಾಗಿರಲಿಲ್ಲ. ತನ್ನ ಪಾಲಿಗೆ ಇದ್ದದ್ದು ಉತ್ತರ. ನಿಂತವನು ಕೊಡಬೇಕಾದ ಉತ್ತರ. ಗೋಡೆಯ ತುದಿಯಲ್ಲಿ ಬೋರಲು ತಟ್ಟೆ ಮುಚ್ಚಿದ್ದ ಆ ಲೋಟ ಅವನಿಗೆ ಮತ್ತೆ ಮತ್ತೆ ನೆನಪಾಯಿತು. ಅದನ್ನಾದರೂ ಕುಡಿದಿದ್ದರೆ, ಯಾರಾದರೂ ಫೋನಿನಲ್ಲಿ ಅಣ್ಣನಿಗೆ ಹೇಳಿರುತ್ತಿದ್ದರು.

ಶರತ್ಕಾಲದ ಕೊನೆಯ ಗುಂಪಿನಲ್ಲಿ ಬಿರ್ಗಿಟ್ ಮತ್ತೆ ಬಂದಿದ್ದಳು. ಮೊದಲ ದಿನ ನಿಕಿತಾಸ್ ಎಂದಿನಂತೆ ಕಲಿಮೇರಾ ಕಲಿಸಿದ. ಅದರ ಜೊತೆಗೆ ಎಂದೂ ಹೇಳದ ಒಂದು ಮಾತು ಸೇರಿಸಿದ. "ಎಲ್ಲರೂ ಒಟ್ಟಿಗೆ ಕೂಗಬೇಡಿ. ಒಬ್ಬೊಬ್ಬರೇ ಹೇಳಿ. ಹೇಳಿ ಆದ ಮೇಲೆ ಸ್ವಲ್ಪ ಸುಮ್ಮನಿರಿ. ಆ ಕಡೆಯವರದ್ದು ಕೇಳಿಸಬೇಕು."

ಬಿಸಿಲು ಮೆತ್ತಗಿದ್ದ ದಿನ ಹಳೇಕಣದ ದಾರಿ ಹತ್ತಿದರು. ಮಣ್ಣುರಸ್ತೆ ದಾಟುವ ಜಾಗದಲ್ಲಿ ನಿಕಿತಾಸ್ ನಿಂತ. ಬಂಡೆಯ ಪಕ್ಕ, ಅದೇ ಜಾಗ. ಕೆಳಗೆ ಬಂದರಿನ ಕಡೆ ಇಳಿದುಹೋಗುವ ರಸ್ತೆಯನ್ನು ನೋಡುತ್ತ ಟೋಪಿ ತೆಗೆದು ಎದೆಗೆ ಹಿಡಿದುಕೊಂಡ. ಒಂದೂ ಗಾಡಿ ಇರಲಿಲ್ಲ. ದೂರದಲ್ಲೆಲ್ಲೋ ಆಡಿನ ಗಂಟೆ ಅಲುಗುತ್ತಿತ್ತು. ಪ್ರೊಕೊಪಿಸ್‌ನ ಆಡುಗಳು, ಈಗ ಯಾಕೊವೊಸ್ ನೋಡಿಕೊಳ್ಳುತ್ತಿದ್ದ.

"ಬಾ, ಪ್ರೊಕೊಪಿ," ಎಂದ. ಮತ್ತೆ ಹೇಳಿದ. "ಬಂದದ್ದು ಒಳ್ಳೇದಾಯ್ತು."

ಅವನು ನಿಂತದ್ದನ್ನು, ರಸ್ತೆಯ ಕಡೆ ನೋಡಿ ಮಾತಾಡಿದ್ದನ್ನು ಕಂಡು ಬಿರ್ಗಿಟ್ ಎರಡು ಕೈ ಚಾಚಿ ಹಿಂದಿನವರನ್ನು ತಡೆದಳು.

"ಗಾಡಿ ಬರ್ತಾ ಇದೆಯಾ, ನಿಕಿತಾಸ್?"

ಅವನು ಟೋಪಿ ಹಾಕಿಕೊಂಡ.

"ಇಲ್ಲ. ಹೋಗಿಯಾಯ್ತು," ಎಂದ. "ದಾಟಿ."

ಎಲ್ಲರೂ ದಾಟಿದರು. ಮೇಲೆ ತಿರುವು ಕಾಣುತ್ತಿತ್ತು. ದಾರ ಕಟ್ಟಲು ಅವನು ಬಗ್ಗುತ್ತಾನೆಂದು ಬಿರ್ಗಿಟ್ ಅಭ್ಯಾಸದಂತೆ ಪಕ್ಕಕ್ಕೆ ಸರಿದು ಕಾದಳು. ನಿಕಿತಾಸ್ ಅವಳನ್ನು ದಾಟಿ, ಸಾಲಿನ ಮುಂದೆ ನಡೆದ.